ಬೆಳ್ಳಿ ಕರಡಿಗೆ ತೆಗೆಸಿದ ದಿನ

ಪ್ರೀತಿಯ ಕಾಕಾ,

ನಾರಾಯಣಖೇಡದಿಂದ ನಿಮ್ಮನ್ನು ಜಹೀರಾಬಾದಿನ ನಮ್ಮ ಆಸ್ಪತ್ರೆಗೆ ಕರೆತಂದ ದಿನ ನೆನಪಿದೆಯೇ? ಉಬ್ಬಸಕ್ಕಿಂತ ಹೆದರಿಕೆಯೇ ಹೆಚ್ಚಾಗಿತ್ತು. ಬಾಗಿಲ ಸಪ್ಪಳವಾದರೂ ಬೆಚ್ಚುತ್ತಿದ್ದಿರಿ. ನಿಮ್ಮ ಉಸಿರಿಗೆ ನಿದ್ದೆ ಮಾತ್ರೆ ಆಗದು ಎಂದ ಡಾಕ್ಟರು, ಹೊಸ ಆಯಸ್ಕಾಂತದ ಯಂತ್ರ ಹಚ್ಚಿ ನೋಡೋಣ ಎಂದರು. ಔಷಧವಿಲ್ಲ, ಸೂಜಿಯಿಲ್ಲ. ತಲೆಯ ಹತ್ತಿರ ಸುರುಳಿ ಹಿಡಿದರೆ ಟಕ್ ಟಕ್ ಎನ್ನುತ್ತದೆ, ಮನಸ್ಸಿನ ಆತಂಕ ಇಳಿಯುತ್ತದೆ. ಅದನ್ನು ನಡೆಸುವವಳು ನಾನೇ. ಕಾಕಾನ ಹೆದರಿಕೆ ನಾನೇ ಬಿಡಿಸುತ್ತೇನೆ ಎಂದು ಮನೆಮಂದಿಯ ಮುಂದೆಲ್ಲ ಜಂಬ ಕೊಚ್ಚಿದ್ದೆ.

ಮೈಮೇಲೆ ಲೋಹ ಇರಬಾರದು ಎಂದೆ. ಉಂಗುರ ಕೊಟ್ಟಿರಿ, ಉಡದಾರದ ಬೀಗದಕೈಯನ್ನೂ ಕೊಟ್ಟಿರಿ. ಕೊರಳಿನ ಬೆಳ್ಳಿ ಕರಡಿಗೆಗೆ ನಾನು ಕೈ ಚಾಚಿದಾಗ ಮಾತ್ರ ತಡೆದಿರಿ.

"ಒಳಗ ಇಷ್ಟಲಿಂಗ ಅದ. ಕಟ್ಟಿದಾಗಿಂದ ಮೈ ಬಿಟ್ಟಿಲ್ಲವ್ವ."

"ಇಪ್ಪತ್ತೇ ಮಿನಿಟು ಕಾಕಾ. ಹಠ ಮಾಡಬ್ಯಾಡ್ರಿ."

"ಅಷ್ಟರಾಗ ಜೀವ ಹೋದ್ರ?"

ನಾನು ನಕ್ಕೆ. ಕರಡಿಗೆ ಕಟ್ಟಿದ್ದ ಶಿವದಾರವನ್ನು ತಲೆಯ ಮೇಲಿಂದ ತೆಗೆದು, ಕರಡಿಗೆಯನ್ನು ಉಂಗುರದ ಜೊತೆ ಸ್ಟೀಲ್ ತಟ್ಟೆಯಲ್ಲಿಟ್ಟೆ. ಯಂತ್ರ ನಡೆಯುವಷ್ಟು ಹೊತ್ತೂ ನಿಮ್ಮ ಎಡಗೈ ಎದೆಯನ್ನು ತಡಕುತ್ತಲೇ ಇತ್ತು. ನಾನು ಗಡಿಯಾರ ನೋಡುತ್ತಿದ್ದೆ. ಮರುದಿನ ನೀವು ಆ ಕೋಣೆಗೆ ಬರಲೊಪ್ಪಲಿಲ್ಲ. 'ಪ್ರಯೋಜನವಾಗಲಿಲ್ಲ' ಎಂದು ನಿಮ್ಮ ಚಿಕಿತ್ಸೆಯ ಕಾಗದದಲ್ಲಿ ಬರೆದೆ. ಹೆದರಿದ ಮುದುಕನಿಗಿದ್ದ ಒಂದೇ ಧೈರ್ಯವನ್ನು ಕಿತ್ತಿಟ್ಟು, ಹೆದರಿಕೆ ಇಳಿಯಲಿಲ್ಲವೆಂದು ಬರೆಯುವ ನನ್ನಂಥ ಜಾಣೆ...

ವಾರದಲ್ಲಿ ನೀವು ಹೋದಿರಿ. ಹೆದರಿಕೊಂಡೇ ಹೋದಿರಿ. ಮಣ್ಣು ಮಾಡುವಾಗ ಮಠದ ಅಯ್ಯನವರು ಕರಡಿಗೆ ಬಿಚ್ಚಿ, ಲಿಂಗವನ್ನಷ್ಟೇ ನಿಮ್ಮ ಎಡಗೈಯಲ್ಲಿಟ್ಟರು. ಆಗ ನನಗೆ ಹೊಳೆಯಿತು. ಲೋಹ ಕರಡಿಗೆಯದು, ಒಳಗಿದ್ದದ್ದು ಕಲ್ಲು. ದಿನಾ ಬೆಳಿಗ್ಗೆ ಪೂಜೆಗೆ ಅದನ್ನು ನೀವು ಅಂಗೈಯಲ್ಲಿ ಹಿಡಿಯುವುದನ್ನು ನೋಡುತ್ತಲೇ ಬೆಳೆದವಳು ನಾನು. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ತಿರುಗಿದರಂತೆ. ಆ ಕುರ್ಚಿಯಲ್ಲೂ ಹಾಗೇ ಹಿಡಿದು ಕೂರಬಹುದಿತ್ತಲ್ಲ ಕಾಕಾ? ಡಾಕ್ಟರನ್ನು ಒಂದು ಮಾತು ಕೇಳಿದ್ದರೆ...

ನಿನ್ನೆ ಪೆದ್ದೆಮುಲ್ ಕಡೆಯ ಒಬ್ಬ ಅಜ್ಜಿ ಬಂದಿದ್ದರು. ಅವರೂ ಕರಡಿಗೆ ಹಿಡಿದುಕೊಂಡು ನಡುಗುತ್ತಿದ್ದರು. ಈ ಸಲ ಮೊದಲು ಡಾಕ್ಟರನ್ನು ಕೇಳಿ ಬಂದೆ.

"ಆಯಿ, ಕರಡಿಗಿ ಅಷ್ಟೇ ತೆಗೀರಿ. ಲಿಂಗ ಕೈಯಾಗ ಇರ್ಲಿ."

ಅಂಗೈಯಲ್ಲಿ ಲಿಂಗವಿಟ್ಟು ಕೂತರು. ಮುಗಿಯುವ ಹೊತ್ತಿಗೆ ನಡುಕ ನಿಂತಿತ್ತು. ಯಾವುದರ ಗುಣವೋ ನನಗೆ ಗೊತ್ತಿಲ್ಲ.

"ಇದು ನಿಂಗ ಯಾರು ಹೇಳಿಕೊಟ್ಟಾರವ್ವ?" ಎಂದು ಕೇಳಿದರು.

"ನಮ್ಮ ಕಾಕಾರಿ."

"ನನ್ನ ಶರಣು ಹೇಳು ಅವ್ರಿಗಿ."

ನೀವಿಲ್ಲ ಎನ್ನಲು ಬಾಯಿ ಬರಲಿಲ್ಲ. ಹೇಳುತ್ತೇನೆ ಎಂದು ಮಾತು ಕೊಟ್ಟೆ. ಕಾಕಾ, ಪೆದ್ದೆಮುಲ್ಲಿನ ಆಯಿ ನಿಮಗೆ ಶರಣು ಹೇಳಿದ್ದಾರೆ.

ನಿಮ್ಮ
ನೀಲಾ