ತೂಕದಂಗಳದ ಹೊರಗೆ

ಗಜೇಂದ್ರಗಡ, ನೆರಳುಶಕೆ ೨೧೨, ಗಾಳಿಮಾಸದ ನಲವತ್ತನೆಯ ದಿನ

ಎಂದೋ ಆಗಿಹೋದ ನನ್ನ ಹಿರಿಯರಿಗೆ, ಇದನ್ನು ಓದುವಾಗ ಬಹುಶಃ ನನಗಿಂತ ಚಿಕ್ಕವರೇ ಆಗಿರುವ ನಿಮಗೆ, ದ್ರಾಕ್ಷಾಯಣಿ ರೋಣ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ಯಾರೋ ತಲೆಕೆಟ್ಟವಳು ಬರೆದಿದ್ದಾಳೆ ಅಂದುಕೊಳ್ಳಬೇಡಿ. ಸೆಖೆ ಎಷ್ಟು ದಿನ ಎಳೆಯುತ್ತದೋ ನಮ್ಮ ತಿಂಗಳೂ ಅಷ್ಟು ದಿನ ಎಳೆಯುತ್ತದೆ. ನನ್ನ ಕನ್ನಡವೂ ಅಲ್ಲಲ್ಲಿ ವಿಚಿತ್ರ ಅನ್ನಿಸೀತು. ನಿಮ್ಮ ಕಾಲದ ಪುಸ್ತಕಗಳನ್ನು ಓದಿ ಓದಿ ನಿಮ್ಮ ಹಾಗೆ ಬರೆಯಲು ಕಲಿತಿದ್ದೇನೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಈ ಪತ್ರ ನಿಮಗೆ ಹಿಂದಂಚೆಯಲ್ಲಿ ಬರುತ್ತಿದೆ. ಕಾಲದಲ್ಲಿ ಹಿಂದಕ್ಕೆ ಹೋಗುವ ಈ ಅಂಚೆಯನ್ನು ನಮ್ಮಲ್ಲಿ ಒಬ್ಬೊಬ್ಬರಿಗೆ ಜೀವಮಾನದಲ್ಲಿ ಒಂದೇ ಸಲ ಬಳಸಲು ಬಿಡುತ್ತಾರೆ. ಯುದ್ಧ, ಮಳೆ, ಚುನಾವಣೆಗಳ ಸುದ್ದಿ ಬರೆಯುವಂತಿಲ್ಲ. ಆಟದ ಸುದ್ದಿ ಬರೆಯಬಹುದು, ಆಟದಿಂದ ಏನು ಅನಾಹುತವಾದೀತು ಎಂದು ಅಂಚೆಯವರ ಎಣಿಕೆ. ಅವರಿಗೆ ಆಟದ ವಿಷಯ ಏನೂ ಗೊತ್ತಿಲ್ಲ.

ನಾನು ಶಾಲೆಯಲ್ಲಿ ಏಷ್ಯಾದ ಆಟಗಳ ಚರಿತ್ರೆ ಕಲಿಸುವವಳು. ಬಿಸಿಲೇರುವ ಮೊದಲೇ ತರಗತಿ ಮುಗಿಸಬೇಕಾದ್ದರಿಂದ ನಸುಕಿನಲ್ಲೇ ಮಕ್ಕಳು ಆಕಳಿಸುತ್ತಾ ಬಂದು ಕೂರುತ್ತವೆ. ನಿಮ್ಮ ಕಾಲದ ಪಾಠ ಬಂತೆಂದರೆ ಮಾತ್ರ ಎಲ್ಲರ ನಿದ್ದೆ ಹಾರುತ್ತದೆ. ದಕ್ಷಿಣದ ದೇಶಗಳಲ್ಲಿ ಒಂದು ಕ್ರಿಕೆಟ್ ಪಂದ್ಯಕ್ಕಾಗಿ ಊರಿಗೆ ಊರೇ ಕೆಲಸ ಬಿಟ್ಟು ಕೂರುತ್ತಿತ್ತು ಅಂದರೆ ನಂಬುವುದಿಲ್ಲ. ಮಧ್ಯ ಏಷ್ಯಾದ ಬಯಲಲ್ಲಿ ಗಂಡಸರು ಕುದುರೆ ಹತ್ತಿ ಸತ್ತ ಆಡಿಗಾಗಿ ಕಿತ್ತಾಡುತ್ತಿದ್ದರು, ಮಲಯದ ಕಡೆಯವರು ಬೆತ್ತದ ಚೆಂಡನ್ನು ಕಾಲಲ್ಲೇ ಬಲೆ ದಾಟಿಸುತ್ತಿದ್ದರು, ಜಪಾನಿನಲ್ಲಿ ಬೆಟ್ಟದಂಥ ಇಬ್ಬರು ಒಂದು ಸಣ್ಣ ವೃತ್ತದೊಳಗೆ ಡಿಕ್ಕಿ ಹೊಡೆದುಕೊಳ್ಳುತ್ತಿದ್ದರು, ಮಂಗೋಲಿಯಾದ ಪೈಲ್ವಾನ ಗೆದ್ದರೆ ಹದ್ದಿನ ಹಾಗೆ ಕೈ ಬಿಚ್ಚಿ ಕುಣಿಯುತ್ತಿದ್ದ. ಇವರೆಲ್ಲ ಒಂದೇ ಖಂಡದವರು ಹೇಗಾಗುತ್ತಾರೆ ಟೀಚರ್ ಎಂದು ಹೋದ ವರ್ಷ ಒಬ್ಬಳು ಕೇಳಿದಳು. ಭೂಪಟ ತೋರಿಸಿ ಜಾರಿಕೊಂಡೆ.

ನಮ್ಮ ಕಾಲದಲ್ಲಿ ಇಡೀ ಏಷ್ಯಾ ಒಂದೇ ಥರದ ಅಂಗಳದಲ್ಲಿ ಆಡುತ್ತದೆ. ಅದಕ್ಕೆ ತೂಕದಂಗಳ ಎನ್ನುತ್ತೇವೆ. ಬಾಗಿಲಲ್ಲಿ ಕಾಲಿಟ್ಟ ಕೂಡಲೇ ಅದು ನಿಮ್ಮ ಬಲ, ಓಟ, ಉಸಿರು, ಕಣ್ಣು ಎಲ್ಲವನ್ನೂ ಅಳೆದು, ಎರಡೂ ಕಡೆ ಸರಿಸಮ ಬರುವಂತೆ ತಂಡ ಕಟ್ಟಿಕೊಡುತ್ತದೆ. ಇದನ್ನು ತಂದವರು ಕೆಟ್ಟವರಲ್ಲ. ದೊಡ್ಡ ದೇಶಗಳೇ ಪದಕ ಬಾಚಿಕೊಳ್ಳುತ್ತಿದ್ದ, ಔಷಧಿ ನುಂಗಿ ಓಡುತ್ತಿದ್ದ, ಸೋತವರ ಮನೆಗೆ ಕಲ್ಲು ತೂರುತ್ತಿದ್ದ ಕಾಲಕ್ಕೆ ಬೇಸತ್ತು ಮಾಡಿದ್ದು. ಈಗ ನೇಪಾಳದ ಹಳ್ಳಿಯ ತಂಡ ಶಾಂಘೈ ಎದುರು ಸಮವಾಗಿ ನಿಲ್ಲುತ್ತದೆ. ಬೀದಿಯಲ್ಲಿ ಆಡುವ ರೂಢಿ ಮಾತ್ರ ತಾನಾಗಿ ನಿಂತುಹೋಯಿತು. ಅಳತೆಗೆ ಬಾರದವರಿಗೆ ಅಂಗಳದ ಬಾಗಿಲು ತೆರೆಯುವುದಿಲ್ಲ. ಬೈಯುವುದಿಲ್ಲ, ಕಾರಣ ಹೇಳುವುದಿಲ್ಲ, ಸುಮ್ಮನೆ ಮುಚ್ಚಿಕೊಂಡೇ ಇರುತ್ತದೆ.

ನಮ್ಮ ಮನೆಯವರಿಗೆ ಅದು ತೆರೆಯಲಿಲ್ಲ. ಹೆಸರು ಕಳಕಪ್ಪ. ಒಂದು ಕಾಲಕ್ಕೆ ಈ ಸೀಮೆಯಲ್ಲಿ ಅವರಂಥ ಕಬಡ್ಡಿ ಆಟಗಾರ ಇರಲಿಲ್ಲ; ಅವರು ಗೆರೆ ದಾಟಿ ಬಂದರೆ ಎದುರಾಳಿಗಳು ಒಬ್ಬರ ಹಿಂದೊಬ್ಬರು ಅಡಗುತ್ತಿದ್ದರು. ಎರಡು ವರ್ಷದ ಹಿಂದೆ ಲಕ್ವ ಹೊಡೆದು ಬಲಗೈ, ಬಲಗಾಲು ಎಳೆಯತೊಡಗಿದವು. ನಡೆದಾಡುವಂತಾದ ಮೇಲೆ ಹೊಸ ಅಂಗಿ ತೊಟ್ಟು ಅಂಗಳಕ್ಕೆ ಹೋದರು. ಬಾಗಿಲ ಮುಂದೆ ತುಂಬಾ ಹೊತ್ತು ನಿಂತಿದ್ದು, ಹೋದ ದಾರಿಯಲ್ಲೇ ಬಂದರು. ಅವತ್ತಿನಿಂದ ಹೊಸ್ತಿಲು ದಾಟಿಲ್ಲ. ಸಂಜೆ ಅಂಗಳದ ಸೀಟಿ ಕೇಳಿದರೆ ಎದ್ದು ಹೋಗಿ ಕಿಟಕಿ ಮುಚ್ಚುತ್ತಾರೆ. ಊಟ ಕಡಿಮೆ, ಮಾತು ಇಲ್ಲವೇ ಇಲ್ಲ. ಮನುಷ್ಯ ನನ್ನ ಕಣ್ಣೆದುರೇ ಕರಗುತ್ತಿದ್ದರು. ನನಗೆ ಹೆದರಿಕೆಯಾಗಿತ್ತು, ಮುಚ್ಚಿಡುವುದೇನು.

ಆಗಲೇ ನಿಮ್ಮ ಕಾಲದ ಒಂದು ಪದ್ಧತಿ ನನ್ನ ಕಿವಿಗೆ ಬಿತ್ತು. ಪಾಠಕ್ಕೆಂದು ಬೇರೆ ಬೇರೆ ದೇಶದ ಮುದುಕಿಯರನ್ನು ದೂರಗೋಡೆಯಲ್ಲಿ ಮಾತಾಡಿಸುತ್ತಿದ್ದೆ. ದೂರಗೋಡೆ ಅಂದರೆ ಎದುರು ಕೂತವರಂತೆ ದೂರದವರನ್ನು ತೋರಿಸುವ ಗೋಡೆ. ಕೊರಿಯಾದ ಒಬ್ಬಾಕೆ, ಅಜ್ಜಿಯ ಅಜ್ಜಿಯಿಂದ ಬಂದ ಮಾತು ಎಂದು ಹೇಳಿದರು: ಬೀದಿಯಾಟದಲ್ಲಿ ಚಿಕ್ಕವರು, ಕೈಲಾಗದವರು ಇದ್ದರೆ ಅವರನ್ನೂ ಸೇರಿಸಿಕೊಳ್ಳುವುದು, ಆದರೆ ಔಟ್ ಮಾಡದಿರುವುದು. ಅಂಥವರಿಗೆ ಅಲ್ಲಿ ಕಕ್ಡುಗಿ, ಅಂದರೆ ಮೂಲಂಗಿ ಉಪ್ಪಿನಕಾಯಿ, ಎನ್ನುತ್ತಿದ್ದರಂತೆ. ನಾನು ಇಂಡೋನೇಷ್ಯಾದ ಗೆಳತಿಗೆ ಕೇಳಿದೆ. ನಮ್ಮಲ್ಲಿ ಈರುಳ್ಳಿ ಮಗು ಅಂತಿದ್ದರು ಎಂದು ನಕ್ಕರು. ಬಂಗಾಳದವರು ಹಾಲು ಅನ್ನ ಎಂದರು. ಮರಾಠಿಯವರು ಕಚ್ಚಾ ಲಿಂಬು ಎಂದರು. ನಮ್ಮವರು ತಿನ್ನುವ ಹೆಸರಿನ ಗೋಜಿಗೆ ಹೋಗದೆ ನೆಟ್ಟಗೆ 'ಲೆಕ್ಕಕ್ಕಿಲ್ಲ' ಅಂದುಬಿಡುತ್ತಿದ್ದರಂತೆ. ಕುದುರೆಯವರು, ಬೆತ್ತದ ಚೆಂಡಿನವರು, ಕ್ರಿಕೆಟ್ಟಿನವರು ಒಬ್ಬರ ಆಟ ಇನ್ನೊಬ್ಬರಿಗೆ ಗೊತ್ತಿಲ್ಲದೆ ಇದ್ದರೂ, ಎಲ್ಲೆಲ್ಲಿಯ ಮಕ್ಕಳೋ ಯಾರೂ ಕಲಿಸದೆ ಇದೊಂದನ್ನು ಕಂಡುಕೊಂಡಿದ್ದವು. ನನ್ನ ವಿದ್ಯಾರ್ಥಿನಿಗೆ ಹೇಳಬೇಕಾಗಿದ್ದ ಉತ್ತರ ಇದೇ ಎಂದು ನನಗೆ ಖುಷಿಯಾಯಿತು.

ಆಟಗಳನ್ನು ನಡೆಸುವ ಖಂಡಮಂಡಳಿಗೆ ಅರ್ಜಿ ಹಾಕಿದೆ. ಪ್ರತಿ ತಂಡದಲ್ಲಿ ಲೆಕ್ಕಕ್ಕಿಲ್ಲದ ಒಬ್ಬರಿಗೆ ಜಾಗ ಕೊಡಿ, ಇದು ಏಷ್ಯಾದ ಹಳೆಯ ನಿಯಮ ಎಂದು ಬರೆದೆ. ಅವರು ಬಹಳ ಮರ್ಯಾದೆಯಿಂದ ಉತ್ತರಿಸಿದರು: ಹಿಂದಿನ ಪಂದ್ಯಗಳ ಅಂಕಪಟ್ಟಿಗಳಲ್ಲಿ ಎಲ್ಲಿಯೂ ಇಂಥ ಆಟಗಾರರ ಹೆಸರಿಲ್ಲ, ಆದ್ದರಿಂದ ಅರ್ಜಿ ವಜಾ. ಅಯ್ಯ ಶಿವನೇ! ಲೆಕ್ಕಕ್ಕಿಲ್ಲದವರ ಹೆಸರನ್ನು ಯಾರಾದರೂ ಅಂಕಪಟ್ಟಿಯಲ್ಲಿ ಬರೆಯುತ್ತಾರೆಯೇ? ಬರೆದರೆ ಅವರು ಲೆಕ್ಕಕ್ಕೆ ಬಂದಂತಾಗಲಿಲ್ಲವೇ? ಸಿಟ್ಟಿನಲ್ಲಿ ನಾನು ಆ ದಿನ ಪಾಠವನ್ನೂ ಮಾಡಲಿಲ್ಲ. ನನ್ನ ಪಾಲಿನ ಒಂದೇ ಒಂದು ಹಿಂದಂಚೆಯನ್ನು ಇದಕ್ಕೇ ಬಳಸುವುದೆಂದು ನಿಶ್ಚಯಿಸಿದೆ. ನಿಮ್ಮ ಬೀದಿಯಲ್ಲಿ ಹೀಗೆ ಆಡುತ್ತೀರೆಂದು ಎಲ್ಲಾದರೂ ದಾಖಲೆ ಮಾಡಿಡಿ ಎಂದು ಬೇಡಿಕೊಳ್ಳುವ ಪತ್ರವಾಗಬೇಕಿತ್ತು ಇದು.

ನಿನ್ನೆ ಸಂಜೆಯವರೆಗೂ ಹಾಗೇ ಅಂದುಕೊಂಡಿದ್ದೆ. ನಿನ್ನೆ ಪಕ್ಕದ ಮನೆಯ ಹುಸೇನಬಿ ಬಂದು ನನ್ನ ಗೋಳನ್ನೆಲ್ಲ ಕೇಳಿ, ಮಂಡಳಿಯನ್ನು ಯಾಕೆ ಕೇಳಬೇಕು, ಓಣಿ ಯಾರಪ್ಪನದು ಎಂದಳು. ಹೌದಲ್ಲ! ನೆರಳುಬಟ್ಟೆ ಹೊದಿಸಿದ ನಮ್ಮ ಓಣಿಯಲ್ಲಿ ತರಕಾರಿ ಮಾರುತ್ತಾರೆ, ಜಗಳವಾಡುತ್ತಾರೆ, ಹಪ್ಪಳ ಒಣಗಿಸುತ್ತಾರೆ, ಆಡುವುದನ್ನು ಮಾತ್ರ ನಾವು ಯಾರೂ ಕಂಡಿರಲಿಲ್ಲ. ಚಪ್ಪಟೆ ಕಲ್ಲು ಹುಡುಕಿದೆವು, ಹಳೆಯ ಸೀರೆ ಸುತ್ತಿ ಚೆಂಡು ಮಾಡಿದೆವು. ನಿಮ್ಮ ಪುಸ್ತಕದಲ್ಲಿ ಓದಿದ ಹಾಗೆ ಲಗೋರಿ ಜೋಡಿಸಿದೆವು. ಓಣಿಯ ಹೆಂಗಸರು ಸೆರಗು ಸಿಕ್ಕಿಸಿಕೊಂಡು ನಾಚುತ್ತಾ ನಿಂತರು. ಮನೆಯವರನ್ನು ಕರೆದೆ. ಬರುವುದಿಲ್ಲ ಎಂದರು. ನಿಮಗೆ ಭಯ ಬೇಡ, ನೀವು ಲೆಕ್ಕಕ್ಕಿಲ್ಲ, ಯಾರೂ ಔಟ್ ಮಾಡುವುದಿಲ್ಲ ಎಂದು ಸಮಾಧಾನ ಹೇಳಿದೆ.

ಬೇಕಿತ್ತೇ ನನಗೆ ಆ ಮಾತು? ಇಷ್ಟು ದಿನದ ಮೌನವೆಲ್ಲ ಒಮ್ಮೆಲೇ ಒಡೆಯಿತು. ನಾ ಏನ್ ಕೂಸೇನು, ಈ ಓಣಿಗೆ ಕಳಕಪ್ಪ ಯಾರಂತ ಗೊತ್ತಿಲ್ಲೇನು ಎಂದು ಕೂಗಾಡುತ್ತಲೇ, ಕೋಲೂರಿಕೊಂಡು, ಹೊಸ್ತಿಲು ದಾಟಿ ಬಂದುಬಿಟ್ಟರು. ದಾಟಿದ್ದು ಅವರಿಗೇ ಗೊತ್ತಾಗಲಿಲ್ಲ. ಎಡಗೈಯಲ್ಲಿ ಚೆಂಡು ಎಸೆದರು. ಮೊದಲು ತಪ್ಪಿತು, ಆಮೇಲೂ ತಪ್ಪಿತು, ಕೊನೆಗೊಮ್ಮೆ ಕಲ್ಲುಗಳು ಚೆಲ್ಲಾಪಿಲ್ಲಿಯಾದವು. ಎಲ್ಲರೂ ಕಿರುಚಿದರು. ಅವರು ಕಾಲೆಳೆಯುತ್ತಾ ಬಗ್ಗಿ ಕಲ್ಲು ಜೋಡಿಸತೊಡಗಿದರು. ಎದುರು ಪಾಳೆಯದಲ್ಲಿ ಚೆಂಡು ಹಿಡಿದವಳು ನಾನು. ಮುಟ್ಟಿತೋ ಇಲ್ಲವೋ ಎನ್ನುವಷ್ಟು ಮೆಲ್ಲಗೆ ಎಸೆದೆ. ಅವರು ತಿರುಗಿ ನೋಡಿದ ನೋಟ! ಹೊಡಿಯೋದಾದ್ರ ಸರಿಯಾಗಿ ಹೊಡಿ ಅಂದರು. ಮದುವೆಯಾದಾಗಿನಿಂದ ಕೂಡಿಟ್ಟ ಸಿಟ್ಟನ್ನೆಲ್ಲ ಸೇರಿಸಿ ಬೆನ್ನಿಗೆ ಬೀಸಿದೆ. ಧಪ್ಪೆಂದು ಬಿತ್ತು. ಹುಸೇನಬಿ ಪಾಪ, ಇಲ್ಲ ಇಲ್ಲ ಅಣ್ಣಾ, ನೀವು ಲೆಕ್ಕಕ್ಕಿಲ್ಲ, ಆಡಿ ಆಡಿ ಎಂದಳು. ಅವರು ನೆಟ್ಟಗೆ ನಿಂತು ಇಡೀ ಓಣಿಗೆ ಕೇಳುವಂತೆ ನಾನು ಔಟ್ ಎಂದರು. ಬೇಡವೆಂದವರ ಜೊತೆಗೆಲ್ಲ ಜಗಳ ತೆಗೆದರು. ಕೊನೆಗೆ ನಾವು ಒಪ್ಪಿ ಔಟ್ ಎಂದು ಕೂಗಿದ ಮೇಲೆಯೇ ಹೋಗಿ ಜಗಲಿಯ ಮೇಲೆ ಕೂತರು. ಆ ಮುಖದಲ್ಲಿದ್ದ ಬೆಳಕನ್ನು ನಾನು ಅವರು ಗೆದ್ದ ದಿನಗಳಲ್ಲೂ ಕಂಡಿರಲಿಲ್ಲ. ನಾನು ಅಲ್ಲೇ ನಡುಬೀದಿಯಲ್ಲಿ ಅತ್ತುಬಿಟ್ಟೆ.

ಆದ್ದರಿಂದ ನಿಮ್ಮಿಂದ ದಾಖಲೆ ಕೇಳುವುದನ್ನು ಬಿಟ್ಟಿದ್ದೇನೆ. ಕೇಳುವುದು ಇಷ್ಟೇ. ನಿಮ್ಮ ಬೀದಿ, ನಿಮ್ಮ ಬಯಲು ಇನ್ನೂ ನಿಮ್ಮದಾಗಿರುವಾಗ, ಗೋಡೆಗೆ ಒರಗಿ ನೋಡುತ್ತಾ ನಿಂತವರನ್ನು ಒಳಗೆ ಕರೆಯಿರಿ. ಲೆಕ್ಕಕ್ಕಿಲ್ಲ ಎಂದೇ ಕರೆಯಿರಿ, ಪರವಾಗಿಲ್ಲ, ಬರಲಿ. ಆದರೆ ಒಂದು ದಿನ ಅವರು ಚೆಂಡು ತಗುಲಿಸಿಕೊಂಡು ನಾನು ಔಟ್ ಎಂದಾಗ, ಅಯ್ಯೋ ಪಾಪ ಎಂದು ತಡೆಯಬೇಡಿ. ಔಟ್ ಎಂದು ಗಟ್ಟಿಯಾಗಿ ಕೂಗಿ ಆಚೆ ಕಳಿಸಿ.