ದಾಕ್ಷಾಯಣಿ ಹೊಡೆದುಹಾಕಿದ ಸಾಲು

ಮರಳಿ ಬಂದ ಎಪ್ಪತ್ತೊಂದನೆಯ ವರ್ಷ,
ಹದಿಮೂರನೆಯ ತಿಂಗಳು, ಮೂವತ್ತೇಳನೆಯ ದಿನ
ಕೆಂಚನಹಾಳ

ಅರ್ಜಿ ಸಂಖ್ಯೆ ನಲವತ್ತೊಂದರ ದಾಕ್ಷಾಯಣಿ ಹೂಗಾರಳಿಗೆ,

ತಾರೀಖು ನೋಡಿ ನಗಬೇಡ. ನಿಮ್ಮ ಲೆಕ್ಕದಲ್ಲಿ ಇದು ಇಸವಿ ೨೩೪೬ ಇರಬಹುದು. ನನ್ನ ಮಾತು ನಿನ್ನ ಕಿವಿಗೆ ಒರಟಾಗಿ ಕೇಳಿಸಿದರೆ ಕ್ಷಮಿಸು. ನಿಮ್ಮ ಕನ್ನಡವನ್ನು ನಾನು ಹಳೆಯ ಕಾಗದಗಳಿಂದ ಕಲಿತವನು, ಆಡಿ ಕಲಿತವನಲ್ಲ. ನೀನು ನನಗೆ ಮುತ್ತಜ್ಜಿಯ ಮುತ್ತಜ್ಜಿಗಿಂತ ಹಿರಿಯಳು. ಆದರೂ ಹಾಳೆಯ ಮೇಲೆ ನಿನ್ನ ವಯಸ್ಸು ಹದಿನೈದು ಎಂದಿದೆ, ಹಾಗಾಗಿ ಏಕವಚನದಲ್ಲೇ ಕರೆಯುತ್ತೇನೆ. ನನ್ನ ಹೆಸರು ಅಡಿವೆಪ್ಪ. ಹಳೆಯ ಬರಹ ಓದಿ ಹೇಳುವುದು ನನ್ನ ಕೆಲಸ, ಮತ್ತು ಈ ಊರಿನಲ್ಲಿ ಅದು ಬಲ್ಲವನು ನಾನೊಬ್ಬನೇ.

ನಿಮ್ಮವರು ಬಿಟ್ಟುಹೋದ ಕೆಂಚನಹಾಳಕ್ಕೆ ನಮ್ಮ ಅಜ್ಜಂದಿರು ಮರಳಿ ಬಂದರು. ನಿಮ್ಮ ಗೋಡೆಗಳಲ್ಲೇ ಇದ್ದೇವೆ. ಬೀದಿಯ ಈ ತುದಿಯಿಂದ ಆ ತುದಿಗೆ ನೆರಳುಗಂಬಳಿ ಕಟ್ಟುತ್ತೇವೆ, ಬಿಸಿಲಿಗೆ ತಲೆ ಒಡ್ಡಿದವರು ಬದುಕುವುದಿಲ್ಲ. ಹಗಲೆಲ್ಲ ಊರೊಳಗೆ ಚದುರಿ ಉಪ್ಪುಮಣ್ಣು ತೊಳೆಯುತ್ತೇವೆ, ತೊಳೆದ ಮಣ್ಣಿನಲ್ಲಿ ನವಣೆ ಬೆಳೆಯುತ್ತೇವೆ. ಒಂದು ಮನೆಸಾಲಿಗೆಲ್ಲ ಒಂದೇ ಬಾಗಿಲು. ನಮ್ಮ ಸಾಲಿನಲ್ಲಿ ಎಂಬತ್ತನಾಲ್ಕು ಜನ. ಸಂಜೆ ಕೆಲಸದಿಂದ ಬಂದವರನ್ನೆಲ್ಲ ಬಾಗಿಲಲ್ಲಿ ನಿಲ್ಲಿಸಿ ಒಂದು ಪ್ರಶ್ನೆ ಕೇಳುತ್ತೇವೆ. ಇದಕ್ಕೆ ಹೊಸ್ತಿಲ ಕೇಳಿಕೆ ಎಂದು ಹೆಸರು. ಪ್ರಶ್ನೆ ದೊಡ್ಡದೇನಲ್ಲ. ನನ್ನ ಕೈಯಲ್ಲಿ ಏನಿದೆ, ಬೆಳಿಗ್ಗೆ ಏನು ತಿಂದೆ, ಇಷ್ಟೇ. ಕೇಳಿದ್ದಕ್ಕೆ ಉತ್ತರ ಕೊಟ್ಟವರು ಒಳಗೆ ಬರುತ್ತಾರೆ. ಮೂರು ಸಂಜೆ ಬೇರೇನೋ ಹೇಳಿದವರಿಗೆ ಬಾಗಿಲು ತೆರೆಯುವುದಿಲ್ಲ. ಉಪ್ಪುಗಾಳಿಯಲ್ಲಿ ಹೊರಗುಳಿದವರು ಬೆಳಗು ಕಂಡದ್ದಿಲ್ಲ.

ನಾವೇನು ಕಟುಕರಲ್ಲ. ಅಡ್ಡಮಾತು ಎಂಬ ಕಾಯಿಲೆ ಇದೆ. ಊರಿನಲ್ಲಿ ಒಂದು ಜಾಗವಿದೆ, ಅಲ್ಲಿ ನಿಂತುಬಂದವರಿಗೆ ಅದು ಹತ್ತುತ್ತದೆ, ಅವರಿಂದ ಮನೆಯವರಿಗೆ ಹರಡುತ್ತದೆ. ಜ್ವರವಿಲ್ಲ, ನೋವಿಲ್ಲ. ಕೇಳಿದ್ದನ್ನು ಬಿಟ್ಟು ಬೇರೆಯದನ್ನು ಹೇಳುತ್ತಾರೆ, ನಗುನಗುತ್ತ, ಬಹಳ ಚೆನ್ನಾಗಿ ಹೇಳುತ್ತಾರೆ. ಎರಡು ವರ್ಷದ ಹಿಂದೆ ತೆಂಕಣ ಸಾಲಿನವರು ಕನಿಕರಪಟ್ಟು ಒಬ್ಬನನ್ನು ಒಳಗೆ ಬಿಟ್ಟುಕೊಂಡರು. ನಲವತ್ತು ದಿನಕ್ಕೆ ಸಾಲಿನ ಹತ್ತೊಂಬತ್ತು ಜನರೂ ಒಬ್ಬರ ಹಿಂದೊಬ್ಬರು ಬಿಸಿಲಿಗೆ ಇಳಿದು ನಡೆದುಹೋದರು. ಎಲ್ಲಿಗೆ ಎಂದು ನಾನೇ ಕೂಗಿ ಕೇಳಿದೆ. ಊಟ ಆಯಿತು ಎಂದರು. ಆ ಜಾಗ ಯಾವುದೆಂದು ನಮಗೆ ಗೊತ್ತಿಲ್ಲ, ಏಕೆಂದರೆ ಹೋಗಿಬಂದವರನ್ನು ಕೇಳಿದರೆ ಅವರು ಹೇಳುವುದು ಬೇರೆಯದನ್ನೇ.

ನನ್ನ ಮಗಳು ತುಂಗವ್ವನಿಗೆ ಒಂಬತ್ತು ವರ್ಷ. ಮೊನ್ನೆಯೂ ನಿನ್ನೆಯೂ ಹೊಸ್ತಿಲಲ್ಲಿ ತಪ್ಪಿದಳು. ಇವತ್ತಿನದು ಮೂರನೆಯ ಸಂಜೆ. ಅವಳ ತಾಯಿ ರೊಟ್ಟಿ ಮುಂದಿಟ್ಟುಕೊಂಡು ಅಳುತ್ತಾಳೆ. "ಕೂಸಿಗೆ ಹಸಿವು ಆಗೇತೋ ಇಲ್ಲೋ ಅನ್ನೂದು ಸೈತ ತಿಳೀವಲ್ದು, ನಾ ಏನಂತ ಉಣಸ್ಲಿ?" ಎನ್ನುತ್ತಾಳೆ. ಎಲ್ಲಿಗೆ ಹೋಗಿದ್ದೆ ಮಗಳೇ ಎಂದು ನಾನು ನೂರು ಸಲ ಕೇಳಿದ್ದೇನೆ. ಅವಳು ಕೈಕಟ್ಟಿ ನೆಟ್ಟಗೆ ನಿಂತು ಹೇಳುತ್ತಾಳೆ: "ನಮ್ಮ ಊರು ಹಚ್ಚಹಸಿರಿನಿಂದ ಕಂಗೊಳಿಸುತ್ತದೆ. ಇಲ್ಲಿ ಎಲ್ಲರೂ ಒಗ್ಗಟ್ಟಿನಿಂದ ಬಾಳುತ್ತಾರೆ." ಹಸಿರು ಎಂದರೇನೆಂದು ಅವಳು ಕಂಡವಳಲ್ಲ.

ನಿನ್ನೆ ಹಳೆಯ ಶಾಲೆಯ ನೆಲ ಅಗೆದಾಗ ಒಂದು ಟ್ರಂಕು ಸಿಕ್ಕಿತು. ಯಾವುದೋ ವಸತಿ ಕಾಲೇಜಿಗೆ ಸೇರಲು ನಿಮ್ಮೂರಿನ ಮಕ್ಕಳು ಬರೆದ ಪ್ರವೇಶ ಪ್ರಬಂಧಗಳು, ಅರವತ್ಮೂರು ಹಾಳೆ. ಮೇಲೆ ಅಚ್ಚಾದ ಪ್ರಶ್ನೆಯನ್ನು ಎರಡೆರಡು ಸಲ ಓದಿದೆ: "ನಿಮ್ಮ ಊರಿನಲ್ಲಿ ನೀವು ಎಂದೂ ಹೋಗದ ಜಾಗ ಯಾವುದು? ಏಕೆ ಹೋಗುವುದಿಲ್ಲ?" ಅದನ್ನು ಕೇಳಿದ ಪುಣ್ಯಾತ್ಮ ಯಾರೋ. ನನಗೆ ಬೇಕಾದದ್ದು ಅದೊಂದೇ. ಮೊದಲ ಹಾಳೆ ತೆಗೆದೆ. ಪೀಠಿಕೆ. "ನಮ್ಮ ಊರು ಹಚ್ಚಹಸಿರಿನಿಂದ ಕಂಗೊಳಿಸುತ್ತದೆ." ಎರಡನೆಯದೂ ಅದೇ, ಹತ್ತನೆಯದೂ ಅದೇ. ಅರವತ್ತೆರಡು ಮಕ್ಕಳು, ಒಂದೇ ಪ್ರಬಂಧ, ಕೊನೆಗೆ ಉಪಸಂಹಾರ, ಕೆಂಪು ಶಾಯಿಯಲ್ಲಿ ಹತ್ತಕ್ಕೆ ಒಂಬತ್ತು, "ಭಾಷೆ ಸೊಗಸಾಗಿದೆ". ತುಂಗವ್ವನಿಗೆ ಓದು ಬಾರದು. ಟ್ರಂಕು ತೆರೆಯುವ ಹಿಂದಿನ ಸಂಜೆಯೇ ಅವಳು ಆ ಸಾಲುಗಳನ್ನು ಹೇಳಿದ್ದಳು. ನನಗೆ ಹೆದರಿಕೆಯಾಗುತ್ತಿದೆ, ದಾಕ್ಷಾಯಣಿ. ಈ ಕಾಯಿಲೆ ನಿಮ್ಮ ಕಾಲದಲ್ಲೇ ಇತ್ತು, ನೀವು ಅದಕ್ಕೆ ಅಂಕ ಕೊಡುತ್ತಿದ್ದಿರಿ.

ನಿನ್ನ ಹಾಳೆ ಮಾತ್ರ ಬೇರೆ. ನೀನು ಹೀಗೆ ಶುರುಮಾಡಿದ್ದೆ: "ನಾ ಎಂದೂ ಹೋಗದ ಜಾಗ ಅಂದ್ರ ನಮ್ಮೂರಾಗಿನ". ಮುಂದಿನದರ ಮೇಲೆ ಗೀಟಿನ ಮೇಲೆ ಗೀಟು, ಹಾಳೆ ಹರಿಯುವಷ್ಟು. ಅಂಚಿನಲ್ಲಿ ಪೆನ್ಸಿಲಿನ ಬೇರೆ ಕೈಬರಹ, ಪಕ್ಕದವಳದಿರಬೇಕು: "ಹುಚ್ಚಿ, ಸರ್ ಬರೆಸಿದ್ದು ಬರಿ. ಇದನ್ನ ಯಾರು ಕೇಳ್ಯಾರ?" ಆಮೇಲೆ ನೀನೂ ಹಚ್ಚಹಸಿರಿಗೆ ಇಳಿದೆ. ಕೇಳಿದ್ದರಲ್ಲ ಮಾರಾಯ್ತಿ, ಕಣ್ಣೆದುರಿಗೆ ಅಚ್ಚುಹಾಕಿ ಕೇಳಿದ್ದರು.

ಪಕ್ಕದ ಊರು ಯರೇಗಟ್ಟದಲ್ಲೂ ಇಂಥದೇ ಹಾಳೆಗಳು ಸಿಕ್ಕಿದ್ದವು. ಅಲ್ಲೊಂದು ಮಗು ಎರಡೇ ಸಾಲು ಬರೆದಿತ್ತು: "ಪಂಪಿನ ಮನಿ. ಅಲ್ಲಿ ನಿಂತ್ರ ಯಾರೋ ನಮ್ಮ ಬಾಯಿಲೆ ಮಾತಾಡಿದಂಗ ಆಗತೈತಿ." ಕಾಗುಣಿತ ತಪ್ಪು, ಪೀಠಿಕೆಯಿಲ್ಲ, ಹತ್ತಕ್ಕೆ ಎರಡು. ಆ ಪಂಪಿನ ಮನೆಯನ್ನು ಹುಡುಕಿ ಮಣ್ಣು ತುಂಬಿದರು. ಒಂಬತ್ತು ದಿನಕ್ಕೆ ಊರಿನ ರೋಗಿಗಳೆಲ್ಲ ಕೇಳಿದ್ದಕ್ಕೆ ಉತ್ತರ ಹೇಳತೊಡಗಿದರು.

ನಮ್ಮಲ್ಲೊಂದು ಹಿಂಬಾವಿ ಇದೆ. ಅದರಲ್ಲಿ ಹಾಕಿದ ಕಾಗದ ಕಳೆದುಹೋದ ದಿನಗಳಿಗೆ ಇಳಿಯುತ್ತದೆ. ಹೇಗೆಂದು ತಿಳಿಯದು, ಬಗ್ಗಿ ನೋಡಬೇಡ ಎಂದಷ್ಟೇ ಹಿರಿಯರು ಹೇಳಿದ್ದಾರೆ. ನಿನ್ನ ಹಾಳೆಯ ಮೂಲೆ ಹರಿದು ಈ ಓಲೆಗೆ ಸುತ್ತಿದ್ದೇನೆ. ಚೂರು ತನ್ನ ಹಾಳೆಯನ್ನು ಹುಡುಕಿಕೊಂಡು ಹೋಗುತ್ತದಂತೆ. ಅಲ್ಲಿ ಪ್ರಬಂಧ ಮುಗಿಸುವ ಗಂಟೆ ಹೊಡೆಯುವ ಮುಂಚೆ ಇದು ನಿನ್ನ ಕೈಸೇರಿದರೆ, ಆ ಗೀಟು ಎಳೆಯಬೇಡ. ನೀನು ಅಲ್ಲಿ ಎಳೆಯದಿದ್ದರೆ ಇಲ್ಲಿ ಅದು ಇರುವುದಿಲ್ಲ. ಹಾಳೆಯನ್ನು ತೊಡೆಯ ಮೇಲೆ ಹರಡಿಕೊಂಡು ಕೂತಿರುತ್ತೇನೆ.

ಇವತ್ತು ಸಂಜೆ ಹೊಸ್ತಿಲಲ್ಲಿ ಕೇಳುವವನು ನಾನು. ಕಾಲು ಹಿಡಿದು ಪಾಳಿ ಬದಲಾಯಿಸಿಕೊಂಡಿದ್ದೇನೆ. ಜಾಗದ ಹೆಸರು ಸಿಕ್ಕರೆ ಹಿರಿಯರಿಗೆ ಹೇಳುತ್ತೇನೆ, ಅವರು ಒಂಬತ್ತು ದಿನದ ಗಡುವು ಕೊಡುತ್ತಾರೆ. ಸಿಗದಿದ್ದರೆ ಏನು ಮಾಡುತ್ತೇನೆಂದು ನಿನಗೊಬ್ಬಳಿಗೇ ಹೇಳುತ್ತೇನೆ. ಮಗಳು ಹಚ್ಚಹಸಿರು ಎನ್ನುತ್ತಾಳೆ. ನಾನು ಒಳಗಿನವರಿಗೆ, "ಊರು ಹೇಗಿದೆ ಎಂದು ಕೇಳಿದೆ, ಸರಿಯಾಗಿ ಹೇಳಿದಳು" ಎನ್ನುತ್ತೇನೆ. ಹೆತ್ತವರಿಗೆ ಹೆಗ್ಗಣ ಮುದ್ದು. ಕೆಂಪು ಶಾಯಿಯ ಆ ಮೇಷ್ಟರನ್ನು ನಿನ್ನೆ ಬಾಯಿಗೆ ಬಂದಂತೆ ಬೈದಿದ್ದೆ, ಇವತ್ತು ಬೈಯಲಾರೆ. ಎಂಬತ್ತನಾಲ್ಕು ಜನರ ಮೇಲೆ ಬಾಗಿಲು ತೆರೆಯುತ್ತೇನೆಂದು ಗೊತ್ತಿದ್ದೂ ತೆರೆಯುತ್ತೇನೆ.

ಹೊತ್ತು ಇಳಿಯುತ್ತಿದೆ. ಪೀಠಿಕೆ ಬೇಡ, ಉಪಸಂಹಾರ ಬೇಡ, ಅಕ್ಷರ ಸೊಟ್ಟಗಾದರೂ ಚಿಂತೆಯಿಲ್ಲ. ಜಾಗದ ಹೆಸರು ಬರಿ, ನನ್ನವ್ವ.

ಅಡಿವೆಪ್ಪ