ನಡುಗುವ ಹಲಗೆ

೯ ಮಾರ್ಚ್ ೨೦೧೪, ಭಾನುವಾರ, ಹಾರ್ಬೋರ್ನ್

ನಿನ್ನೆ ಡಿಡ್ಸ್‌ಬರಿಯ ತನ್ನ ಮನೆಯಲ್ಲಿ ಗೆಳೆಯ ನಿತಿನ್ ತಾನೇ ಮಾಡಿದ ಸ್ಪೀಕರ್‌ನಲ್ಲಿ ವೀಣೆ ಕೇಳಿಸಿದ. ನನ್ನ ಹೆಂಡತಿ ಮೇಧಾ ಕಣ್ಣು ಮುಚ್ಚಿ ಕೂತುಬಿಟ್ಟಳು. ನಾನು ಮಾಡಿದ ಸ್ಪೀಕರ್ ಮುಂದೆ ಯಾವತ್ತೂ ಹಾಗೆ ಕೂತವಳಲ್ಲ. ಇನ್ನೂ ಹೊಟ್ಟೆ ಉರಿಯುತ್ತಿದೆ.

"ನಿನ್ನ ಸ್ಪೀಕರ್ ಪೆಟ್ಟಿಗೆಯ ಪಕ್ಕದ ಹಲಗೆ ನಡುಗುತ್ತೆ ಕಣೋ. ಒಳಗೊಂದು ಅಡ್ಡಪಟ್ಟಿ ಕೊಡು," ಅಂದ ನಿತಿನ್, ಅವಳೆದುರಿಗೇ.

ಬೇಡ ಬೇಡ ಅಂದುಕೊಂಡೇ ಬೆಳಿಗ್ಗೆ ಪೆಟ್ಟಿಗೆ ಬಿಚ್ಚಿದೆ. ಎರಡು ಪಕ್ಕಗಳಿಗೂ ತಾಗುವಂತೆ ಪ್ಲೈವುಡ್ ಪಟ್ಟಿ ಕತ್ತರಿಸಿ ಅಂಟಿಸಿದೆ. ಸಂಜೆ ಹಾಡು ಹಾಕಿ ನೋಡಿದರೆ ಮೊದಲಿನ ಗುಂಯ್ ಅನ್ನುವ ಸದ್ದೇ ಇಲ್ಲ. ಹಾಡುವವರ ಉಸಿರೂ ಕೇಳಿತು.

ಮೇಧಾ ಬಾಗಿಲಲ್ಲಿ ನಿಂತು ಕೇಳಿದಳು. "ತುಂಬಾ ಚೆನ್ನಾಗಿದೆ ರೀ. ನಿತಿನ್‌ಗೆ ಥ್ಯಾಂಕ್ಸ್ ಹೇಳಿದ್ರಾ?"

"ನಾಳೆ ಹೇಳ್ತೀನಿ," ಅಂದೆ.

ಅವನ ಮಾತು ತಪ್ಪಾಗಿದ್ದರೆ ಈಗಲೇ ಪ್ರೀತಿಯಿಂದ ಫೋನ್ ಮಾಡುತ್ತಿದ್ದೆ.